ಸೇರಿದ ದಿನವೇ ಬರೆಸುವ ರಾಜೀನಾಮೆ

ನಾನು ಮರಗೆಲಸದವನು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತಾಯಿ ಹೇಳುತ್ತಾಳೆ. ಇರಬಹುದು, ಆ ಮೂಗು ಬಂದದ್ದು ಅವಳಿಂದಲೇ. ಈಗ ಬರೆಯಲು ಕೂತಿರುವುದು ಮಾತ್ರ ನನ್ನ ಬಗ್ಗೆ ಅಲ್ಲ, ನನ್ನ ಹೆಂಡತಿಯ ಬಗ್ಗೆ. ಹೆಂಡತಿಯನ್ನು ಹೊಗಳುವ ಗಂಡನನ್ನು ಕಂಡರೆ ಜನ ಮುಸಿಮುಸಿ ನಗುತ್ತಾರೆ. ನಗಲಿ. ಇಪ್ಪತ್ತೆರಡು ವರ್ಷ ಅವಳ ಜೊತೆ ಜಗಳವಾಡಿ ಪ್ರತಿ ಸಲವೂ ಸೋತವನಿಗೆ ಇಷ್ಟಾದರೂ ಹಕ್ಕು ಬೇಡವೇ?

ಅವಳು ಹೆಚ್ಚು ಓದಿದವಳಲ್ಲ. ಒಂದು ಆಸ್ಪತ್ರೆಯ ನೋಂದಣಿ ಕಿಟಕಿಯಲ್ಲಿ ಹದಿನಾಲ್ಕು ವರ್ಷ ಕೂತಿದ್ದಳು. ಗಾಜಿನಲ್ಲೊಂದು ಅರ್ಧಚಂದ್ರದಂಥ ತೂತು, ಅದರಾಚೆ ಬಾಗಿಲ ತನಕ ಸಾಲು. ಹೆಸರು, ವಯಸ್ಸು, ಏನು ತೊಂದರೆ ಎಂಬ ಮೂರೇ ಪ್ರಶ್ನೆಗಳು, ದಿನಕ್ಕೆ ಇನ್ನೂರು ಸಲ. ಅಲ್ಲಿ ಅವಳು ಕಲಿತ ಪಾಠವನ್ನು ಮನೆಗೆ ಬಂದು ನನಗೂ ಒಪ್ಪಿಸುತ್ತಿದ್ದಳು. "ರೀ, ಒಳಗೆ ಬರೋವಾಗ ಎಲ್ರೂ ನಿಜ ಹೇಳ್ತಾರೆ. ಇಲ್ಲಿ ನೋವು, ಇಷ್ಟು ದಿನದಿಂದ ನೋವು ಅಂತ. ವಾಪಸ್ ಹೋಗೋವಾಗ ಕೇಳಿ, ಬರೀ ಪರವಾಗಿಲ್ಲ ಅಂತಾರೆ. ಕುಂಟ್ಕೊಂಡು ಹೋಗ್ತಾನೇ ಪರವಾಗಿಲ್ಲ ಅಂತಾರೆ." ನಾನು ಹೂಂಗುಟ್ಟುತ್ತಾ ಮರ ಉಜ್ಜುತ್ತಿದ್ದೆ. ಆಮೇಲೆ ಆಸ್ಪತ್ರೆಯವರು ಟೋಕನ್ ಕೊಡುವ ಯಂತ್ರ ತಂದು ನಿಲ್ಲಿಸಿದರು, ಕಿಟಕಿ ಮುಚ್ಚಿದರು, ಅವಳನ್ನು ಹಳೆಯ ಕಡತಗಳ ಕೋಣೆಗೆ ಕಳಿಸಿದರು. ಮನುಷ್ಯರ ಮುಖ ಕಾಣದ ಕೆಲಸ ಅವಳಿಗೆ ಒಗ್ಗಲಿಲ್ಲ. ಎರಡೇ ತಿಂಗಳಿಗೆ ಬಿಟ್ಟು ಮನೆಗೆ ಬಂದಳು.

ಅದೇ ದಿನಗಳಲ್ಲಿ ನನ್ನ ಶೆಡ್ಡಿಗೆ ಒಬ್ಬ ಯುವಕ ಆರು ಮೇಜು ಮಾಡಿಸಲು ಬಂದ. ಕಿವಿ ಕೇಳದವರಿಗೆ ಹಾಕುವ ಮೆಷಿನ್ ಇದೆಯಲ್ಲ, ಕಡಲೆಕಾಳಿನಷ್ಟು ಚಿಕ್ಕದು, ಅದನ್ನು ಅಗ್ಗವಾಗಿ ತಯಾರಿಸುವ ಸ್ಟಾರ್ಟಪ್ ಕಂಪನಿ ಅವನದು. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕೋಣೆ ಹಿಡಿದಿದ್ದ. ಕಿವಿ ಕೇಳದವರ ಉದ್ಧಾರಕ್ಕೆ ಹೊರಟವನು ಕಿವಿ ಕೇಳುವವರನ್ನು ಮಾತ್ರ ಬಿಡುತ್ತಿರಲಿಲ್ಲ. ಮಾತು ಶುರುವಾದರೆ ನಿಲ್ದಾಣವೇ ಇಲ್ಲ. ನನ್ನ ತಾಯಿ ಅವನಿಗೆ ಅಂದೇ 'ರೈಲು' ಎಂದು ಹೆಸರಿಟ್ಟಳು. ನಾವೆಲ್ಲ ಇಂದಿಗೂ ಹಿಂದಿನಿಂದ ಹಾಗೇ ಕರೆಯುವುದು.

ಮೇಜಿನ ಅಳತೆ ಹೇಳುತ್ತಲೇ ರೈಲು ತನ್ನ ಗೋಳು ತೋಡಿಕೊಂಡ. ಕೆಲಸಕ್ಕೆ ಜನ ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ. ಊಟ ತಂದಿದ್ದ ನನ್ನ ಹೆಂಡತಿ ಡಬ್ಬಿ ಇಟ್ಟು ಕೇಳಿಸಿಕೊಂಡಳು.

"ಕೆಲಸ ಕೇಳ್ಕೊಂಡು ಬಂದವರ ಹತ್ರ ಏನು ಮಾತಾಡ್ತೀರಿ?" ಎಂದು ಕೇಳಿದಳು.

"ನಮ್ಮ ಕಂಪನಿ ಬಗ್ಗೆ ಎಲ್ಲಾ ಹೇಳ್ತೀನಿ ಅಕ್ಕಾ. ಒಂದು ಗಂಟೆ, ಒಂದೂವರೆ ಗಂಟೆ."

"ಅವರು?"

ರೈಲು ಯೋಚಿಸಿದ. "ಅವರು ತಲೆ ಆಡಿಸ್ತಾರೆ."

"ಒಂದೂವರೆ ಗಂಟೆ ತಲೆ ಆಡಿಸಿದವನಿಗೆ ಕುತ್ತಿಗೆ ನೋವು ಬರುತ್ತೆ, ಕೆಲಸಕ್ಕೆ ಬರಲ್ಲ" ಎಂದಳು.

ಮೇಜುಗಳ ಜೊತೆ ಅವಳೂ ಆ ಮಹಡಿ ಹತ್ತಿದ್ದು ಹೀಗೆ. ಮೊದಲು ಫೋನ್ ಎತ್ತುವ ಕೆಲಸ ಎಂದಿದ್ದ. ಮೂರೇ ತಿಂಗಳಲ್ಲಿ ಜನರನ್ನು ಆರಿಸುವುದು, ಸೇರಿಸುವುದು, ಉಳಿಸಿಕೊಳ್ಳುವುದು ಎಲ್ಲವೂ ಅವಳ ತಲೆಗೇ ಬಂತು. "ಸ್ಟಾರ್ಟಪ್ಪಂತೆ. ಶುರುವಾಗಿದೆ ಅಂತ ಹೆಸರಲ್ಲೇ ಇದೆ, ನಡೀತಿದೆ ಅಂತ ಎಲ್ಲೂ ಕಾಣಲ್ವಲ್ಲೋ" ಎಂದು ನನ್ನ ತಾಯಿ ಮೂಗು ಮುರಿದಳು.

ತಾಯಿಯ ಮಾತು ಸುಳ್ಳೂ ಆಗಿರಲಿಲ್ಲ. ಮೊದಲ ವರ್ಷ ಹನ್ನೊಂದು ಜನ ಬಿಟ್ಟುಹೋದರು. ದೊಡ್ಡ ಕಂಪನಿಗಳವರು ಕಣ್ಣು ಹೊಡೆದರೆ ಸಾಕು, ಬೆಸುಗೆ ಹಾಕಲು ಕಲಿತವರೆಲ್ಲ ಗಂಟುಮೂಟೆ ಕಟ್ಟುತ್ತಿದ್ದರು. ರೈಲು ಎಲ್ಲೋ ಏನನ್ನೋ ಓದಿ ಬಂದು ಟೇಬಲ್ ಟೆನ್ನಿಸ್ ಮೇಜು ಬೇಕೆಂದ. ಮಾಡಿಕೊಟ್ಟೆ. ಅಂಥ ಮೇಜನ್ನು ನಾನು ಮತ್ತೆ ಮಾಡಿಲ್ಲ, ನೀರು ಸುರಿದರೂ ಯಾವ ಕಡೆಗೂ ಹರಿಯದು. ಅದರ ಮೇಲೆ ಚೆನ್ನಾಗಿ ಆಡಲು ಕಲಿತವರೇ ಮೊದಲು ಕೆಲಸ ಬಿಟ್ಟರು.

ಆ ಹನ್ನೊಂದು ರಾಜೀನಾಮೆ ಪತ್ರಗಳನ್ನು ಅವಳು ಒಂದು ಭಾನುವಾರ ಮನೆಯ ನೆಲದ ಮೇಲೆ ಹರಡಿಕೊಂಡು ಕೂತಳು. ಎಲ್ಲದರಲ್ಲೂ ಒಂದೇ ಸಾಲು: ವೈಯಕ್ತಿಕ ಕಾರಣಗಳಿಂದ ಕೆಲಸಕ್ಕೆ ರಾಜೀನಾಮೆ ನೀಡುತ್ತಿದ್ದೇನೆ.

"ಹನ್ನೊಂದು ಜನಕ್ಕೂ ಒಂದೇ ವೈಯಕ್ತಿಕ ಕಾರಣನಾ?" ಎಂದಳು. ಅವಳಿಗೆ ಸಿಟ್ಟು ಬಂದಿತ್ತು. ಅವಳ ಸಿಟ್ಟು ನನ್ನ ಹಾಗಲ್ಲ, ಸದ್ದು ಮಾಡುವುದಿಲ್ಲ, ಕೆಲಸ ಮಾಡುತ್ತದೆ. ಪತ್ರಗಳನ್ನೆಲ್ಲ ಒಟ್ಟುಮಾಡಿ, "ಪರವಾಗಿಲ್ಲ ಅಂದ್ಕೊಂಡು ಕುಂಟ್ತಾ ಹೋದವರು ಇವರು" ಎಂದಳು. ಮರುದಿನದಿಂದಲೇ ಹೊಸ ಪದ್ಧತಿ ಶುರು.

ಪದ್ಧತಿ ಇಷ್ಟೇ. ಯಾರೇ ಕೆಲಸಕ್ಕೆ ಸೇರಲಿ, ಸೇರಿದ ದಿನವೇ ರಾಜೀನಾಮೆ ಪತ್ರ ಬರೆಯಬೇಕು. ಸ್ವಂತ ಕೈಬರಹ, ಕೆಳಗೆ ಸಹಿ. ದಿನಾಂಕ ಮಾತ್ರ ಖಾಲಿ. ಯಾವ ಕಾರಣ ಬಂದರೆ ಈ ಕೆಲಸ ಬಿಡುತ್ತೀಯೋ ಅದನ್ನು ಈಗಲೇ, ಇನ್ನೂ ಯಾರ ಮೇಲೂ ಸಿಟ್ಟಿಲ್ಲದಿರುವಾಗ, ಬಿಚ್ಚಿ ಬರೆ. ಲಕೋಟೆಗೆ ಹಾಕಿ ಅವಳ ಕೈಗೆ ಕೊಡು. ಬರೆದವರು ಮತ್ತು ಅವಳು, ಇಬ್ಬರನ್ನು ಬಿಟ್ಟು ಮೂರನೆಯವರು ಓದುವಂತಿಲ್ಲ, ಮಾಲೀಕನೂ ಓದುವಂತಿಲ್ಲ. ಆರು ತಿಂಗಳಿಗೊಮ್ಮೆ ಕರೆದು, ಲಕೋಟೆ ಮುಂದಿಟ್ಟು ಕೇಳುತ್ತಾಳೆ: "ಈ ಕಾರಣ ಹತ್ರ ಬಂದಿದೆಯಾ, ದೂರ ಹೋಗಿದೆಯಾ?" ಹತ್ತಿರ ಬಂದಿದೆ ಎಂದರೆ ಅದನ್ನು ದೂರ ಅಟ್ಟುವುದು ಅವಳ ಹೊಣೆ.

"ಸೇರೋ ದಿನವೇ ಬಿಡೋ ಕಾಗದ ಬರೆಸ್ತೀಯೇನೇ? ಮದುವೆ ದಿನ ನಿನ್ನ ಕೈಲೂ ಒಂದು ಬರೆಸಬೇಕಿತ್ತು ನಾನು" ಎಂದಳು ನನ್ನ ತಾಯಿ.

"ಬರೆಸಿದ್ರೆ ನಿಮ್ಮ ಹೆಸರೇ ಇರ್ತಿತ್ತು ಅತ್ತೆ, ಕಾರಣ ಅಂತ" ಎಂದಳು ಇವಳು. ಇಬ್ಬರೂ ನಕ್ಕರು. ನಾನು ನಗಲಿಲ್ಲ, ನಡುವೆ ಸಿಕ್ಕಿಕೊಳ್ಳುವವನು ನಾನೇ ಅಲ್ಲವೇ.

ಲಕೋಟೆಗಳಿಗಾಗಿ ನಾನು ಒಂದು ಮರದ ಪೆಟ್ಟಿಗೆ ಮಾಡಿಕೊಟ್ಟೆ, ಒಳಗೆ ಮೂವತ್ತು ಖಾನೆ, ಹೊರಗೊಂದು ಬೀಗ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಎಲ್ಲಿ ಬಂತು. ವಾರಕ್ಕೊಂದು ಬಿಟ್ಟಿ ಚಾಕರಿ. "ರೀ, ಕಿಟಕಿ ಪಕ್ಕದ ಮೇಜು ತಿರುಗಿಸಿ ಹಾಕ್ಬೇಕು." ಯಾಕೆ? "ಯಾಕೆ ಅಂತ ಕೇಳ್ಬೇಡಿ." ಬಚ್ಚಲ ಬಾಗಿಲಿಗೆ ಒಳಗಡೆಯಿಂದ ಚಿಲಕ. ಯಾರಿಗೆ? "ಯಾರಿಗೆ ಅಂತ ಕೇಳ್ಬೇಡಿ." ಒಂದು ಕುರ್ಚಿಯ ಕಾಲು ಎರಡು ಬೆರಳು ಕತ್ತರಿಸು, ಒಂದು ಮೇಜನ್ನು ಬಾಗಿಲಿಗೆ ಬೆನ್ನು ಬಾರದ ಹಾಗೆ ಇಡು. ಪ್ಯಾಕಿಂಗ್ ಮಾಡುವ ಹೆಂಗಸು ಮಾತ್ರ ತಾನಾಗಿಯೇ ಒಂದು ದಿನ, "ಆ ಚಿಲಕ ನಂದೇ ಅಣ್ಣಾ, ಹಿಂದಿನ ಕೆಲಸ ಅದಕ್ಕೇ ಬಿಟ್ಟಿದ್ದು" ಎಂದಳು. ಒಂದು ಚಿಲಕಕ್ಕಾಗಿ ಕೆಲಸ ಬಿಟ್ಟವಳು, ಒಂದು ಚಿಲಕ ಇದ್ದದ್ದಕ್ಕೆ ಐದು ವರ್ಷದಿಂದ ಇಲ್ಲೇ ಇದ್ದಾಳೆ.

ಎಲ್ಲರೂ ಉಳಿದರು ಎಂದರೆ ಸುಳ್ಳಾಗುತ್ತದೆ. ಹೋಗುವವರು ಹೋದರು. ಆದರೆ ಹನ್ನೊಂದು ಮಂದಿ ಬಿಟ್ಟ ಜಾಗದಲ್ಲಿ ಮರುವರ್ಷ ನಾಲ್ವರು ಬಿಟ್ಟರು, ಅದರ ಮರುವರ್ಷ ಒಬ್ಬ. ಹೋದವರೂ ಕಾರಣವನ್ನು ಬಾಯಿಬಿಟ್ಟು ಹೇಳಿ, ದಿನಾಂಕ ಬರೆದು, ಕೈಮುಗಿದು ಹೋದರು. ಆರು ಮೇಜಿನ ಕಂಪನಿ ಇಪ್ಪತ್ತಾರು ಜನರ ಕಂಪನಿಯಾಯಿತು.

ಆ ಇಪ್ಪತ್ತಾರರಲ್ಲಿ ಒಬ್ಬನನ್ನು ಇಲ್ಲಿ ಹೇಳಲೇಬೇಕು. ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ರಸ್ತೆ ಮೂಲೆಯಲ್ಲಿ ಕೂತು ಮೊಬೈಲ್ ರಿಪೇರಿ ಮಾಡುತ್ತಿದ್ದ ಮೂವತ್ತು ದಾಟಿದ ಆಳು. ಅವನ ಬೆರಳು ನೋಡಿ ನನ್ನ ಹೆಂಡತಿ ಕರೆತಂದಳು. ಇಂಜಿನಿಯರುಗಳಿಗೂ ಬಗೆಹರಿಯದ ಕಿವಿ ಮೆಷಿನ್ನಿನ ಗೊರಗೊರ ಸದ್ದನ್ನು ಒಂದು ತಂತಿಯ ಜಾಗ ಬದಲಿಸಿ ನಿಲ್ಲಿಸಿದವನು ಅವನು. ಆ ಕಂಪನಿಯ ಬಂಡವಾಳ ಎಂದರೆ ಅವನ ಹತ್ತು ಬೆರಳೇ. ಒಂದು ದೊಡ್ಡ ಕಂಪನಿಯವರು ಅವನನ್ನು ಸೆಳೆಯಲು ಮೂರು ಸಲ ಬಂದರು, ಕೊನೆಯ ಸಲ ಮನೆ ಬಾಗಿಲಿಗೆ ಕಾರನ್ನೇ ಕಳಿಸಿದರು. ಅವನು ಕಾರಿನ ಪಕ್ಕದಲ್ಲೇ ನಡೆದುಕೊಂಡು ಸೈಕಲ್ ಅಂಗಡಿಯ ಮಹಡಿಗೆ ಬಂದ. ಇದೆಲ್ಲ ತನ್ನ ಭಾಷಣದ ಫಲ ಎಂದು ರೈಲು ನಂಬಿದ್ದ. ನಾವು ಯಾರೂ ಆ ನಂಬಿಕೆ ಕೆಡಿಸಲು ಹೋಗಲಿಲ್ಲ.

ಐದನೆಯ ವರ್ಷ ಕಂಪನಿಗೆ ಕಷ್ಟ ಬಂತು. ಜನರೇನೋ ನಿಂತಿದ್ದರು, ಆದರೆ ನಡೆಸುವ ಬಂಡವಾಳ ಬತ್ತಿತ್ತು. ದೂರದ ಒಂದು ಸಂಸ್ಥೆ ಪಾಲುದಾರಿಕೆಗೆ ಒಪ್ಪಿ, ಎಲ್ಲ ಕಾಗದಪತ್ರ ನೋಡಿ ಸಹಿ ಹಾಕುವಂತೆ ತನ್ನ ವಕೀಲೆಯನ್ನು ಕಳಿಸಿತು. ಅವರು ಸಹಿ ಹಾಕಿದರೆ ಉಂಟು, ಇಲ್ಲವಾದರೆ ತಿಂಗಳ ಕೊನೆಗೆ ಬಾಗಿಲು ಮುಚ್ಚಬೇಕು. ಇದು ಇಪ್ಪತ್ತಾರು ಜನರಿಗೂ ಗೊತ್ತಿತ್ತು.

ಆ ದಿನ ನಾನೂ ಅಲ್ಲೇ ಇದ್ದೆ. ವಕೀಲೆ ಕೂರುವ ಮೇಜು ಅಲ್ಲಾಡುತ್ತದೆ ಎಂದು ಬೆಳಿಗ್ಗೆಯೇ ಹೆಂಡತಿ ನನ್ನನ್ನು ಎಳೆದುಕೊಂಡು ಹೋಗಿದ್ದಳು. ಅದನ್ನು ಮುಗಿಸಿ ಪಕ್ಕದ ಮೇಜಿನ ಕೆಳಗೆ ಅಂಗಾತ ಮಲಗಿ ತಿರುಪು ಬಿಗಿಯುತ್ತಿದ್ದೆ. ವಕೀಲೆ ಐವತ್ತರ ಆಸುಪಾಸಿನ ಹೆಂಗಸು, ಬೇಡದ ಮಾತು ಒಂದೂ ಇಲ್ಲ. ಹಾಜರಿ ನೋಡಿದರು, ನೇಮಕಾತಿ ಪತ್ರ ನೋಡಿದರು, ಎರಡು ವರ್ಷದಲ್ಲಿ ಬಿಟ್ಟವರು ಇಬ್ಬರೇ ಎಂಬುದನ್ನು ಎರಡು ಸಲ ಓದಿದರು.

"ಆ ಪೆಟ್ಟಿಗೇಲಿ ಏನಿದೆ?" ಎಂದು ಕೇಳಿದರು.

"ರಾಜೀನಾಮೆ ಪತ್ರಗಳು" ಎಂದಳು ನನ್ನ ಹೆಂಡತಿ.

"ಬಿಟ್ಟುಹೋದವರದ್ದಾ?"

"ಇಲ್ಲ, ಇರೋರದ್ದು. ಎಲ್ಲರದ್ದೂ ಇದೆ. ಸೇರಿದ ದಿನ ಬರೆಸ್ತೀನಿ."

"ತಾರೀಖು?"

"ಹಾಕಿರಲ್ಲ. ಸಹಿ ಇರುತ್ತೆ."

ವಕೀಲೆಯ ಪೆನ್ನು ನಿಂತಿತು. ಮೇಜಿನ ಕೆಳಗಿದ್ದ ನನಗೂ ಅದು ಗೊತ್ತಾಯಿತು. ಅವರು ಕನ್ನಡಕ ತೆಗೆದು, ದನಿ ಏರಿಸದೆ ಹೇಳಿದರು: "ಇದನ್ನ ನಾನು ಬೇರೆ ಕಡೆ ಕಂಡಿದ್ದೀನಿ. ಸೇರೋ ದಿನವೇ ತಾರೀಖಿಲ್ಲದ ರಾಜೀನಾಮೆಗೆ ಸಹಿ ಮಾಡಿಸ್ಕೊಳ್ಳೋದು. ಬೇಡ ಅನಿಸಿದ ದಿನ ತಾರೀಖು ತುಂಬಿಸಿ, ನೀನೇ ಬಿಟ್ಟಿದ್ದೀಯ ಅಂತ ಆಚೆಗೆ ಕಳಿಸೋದು. ಇಂಥ ಕಡೆ ಜನ ಬಿಟ್ಟುಹೋಗಲ್ಲ, ಹೆದರಿ ಕೂತಿರ್ತಾರೆ. ಈ ಕಾಗದಗಳಿದ್ದರೆ ನಾನು ಸಹಿ ಹಾಕೋಕಾಗಲ್ಲ."

ನಮ್ಮಲ್ಲಿ ಯಾರಿಗೂ ಇದು ಹೊಳೆದೇ ಇರಲಿಲ್ಲ. ಜನರ ಒಳ್ಳೆಯದಕ್ಕೆ ಮಾಡಿದ ಕೆಲಸ ಹೊರಗಿನಿಂದ ನೋಡಿದರೆ ಶುದ್ಧ ಕಳ್ಳತನದಂತೆ ಕಾಣುತ್ತದೆ ಎಂದು ಯಾರು ಯೋಚಿಸುತ್ತಾರೆ? ರೈಲು ಅಂದು ಮೊದಲ ಬಾರಿಗೆ ನಿಂತಿತು.

"ಇದು ಹಾಗಲ್ಲ ಮೇಡಂ" ಎಂದು ನನ್ನ ಹೆಂಡತಿ ಪದ್ಧತಿಯನ್ನು ಮೊದಲಿನಿಂದ ವಿವರಿಸಿದಳು. ವಕೀಲೆ ಪೂರ್ತಿ ಕೇಳಿಸಿಕೊಂಡರು.

"ಹಾಗಿದ್ರೆ ಸುಲಭ. ಒಂದೆರಡು ತೆಗೆದು ತೋರಿಸಿ. ಒಳಗೆ ಏನು ಬರೆದಿದೆ ಅಂತ ನೋಡಿದ್ರೆ ಗೊತ್ತಾಗುತ್ತಲ್ಲ."

"ತೋರಿಸೋಕಾಗಲ್ಲ. ಬೇರೆ ಯಾರೂ ಓದಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಅಕ್ಕಾ, ಒಂದೇ ಒಂದು" ಎಂದು ರೈಲು ಅಂಗಲಾಚಿದ.

"ಒಂದಾದರೂ ಅದು ಒಬ್ಬರದ್ದು."

"ಯಾರನ್ನಾದ್ರೂ ಒಬ್ಬರನ್ನ ಕೇಳಿ, ಒಪ್ಪಿದ್ರೆ ತೋರಿಸಿ" ಎಂದರು ವಕೀಲೆ.

"ಇವತ್ತು ನಾನು ಕೇಳಿದ್ರೆ ಇಲ್ಲ ಅನ್ನೋಕೆ ಯಾರಿಗೆ ಧೈರ್ಯ ಬರುತ್ತೆ ಮೇಡಂ? ನೀವು ಹೇಳಿದ ಬಲವಂತ ಅಂದ್ರೆ ಅದೇ ಅಲ್ವಾ?"

ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೆ ಸಿಟ್ಟು ಬಂದದ್ದು ವಕೀಲೆಯ ಮೇಲಲ್ಲ, ನನ್ನ ಹೆಂಡತಿಯ ಮೇಲೆ. ಇಪ್ಪತ್ತಾರು ಮನೆಯ ಅನ್ನ ಒಂದು ಲಕೋಟೆಯ ಬಾಯಲ್ಲಿ ಸಿಕ್ಕಿಕೊಂಡಿದೆ, ಇವಳಿಗೆ ಮಾತು ದೊಡ್ಡದಾಯಿತೇ? ತೋರಿಸೇ ಎಂದು ಕೂಗುವವನಿದ್ದೆ. ಎದ್ದ ರಭಸಕ್ಕೆ ತಲೆ ಮೇಜಿನ ಅಂಚಿಗೆ ಬಡಿಯಿತು. ನಾನೇ ಮಾಡಿದ ಮೇಜು, ಗಟ್ಟಿ ಮರ. ಕೂಗು ಬಾಯಲ್ಲೇ ಉಳಿಯಿತು.

"ಹಾಗಾದ್ರೆ ಬೇರೆ ದಾರಿ ಇಲ್ಲ" ಎಂದರು ವಕೀಲೆ. "ಈ ಕಾಗದಗಳು ಇಲ್ಲಿರಬಾರದು. ಇದನ್ನ ಮಾಡಿದವರೂ ಈ ಜಾಗದಲ್ಲಿ ಇರಬಾರದು. ಅವೆರಡೂ ಆದ್ರೆ ನಾನು ಸಹಿ ಹಾಕ್ತೀನಿ."

ಗಾಜಿನ ಆಚೆ ಬೆಸುಗೆ ಮೇಜುಗಳಲ್ಲಿ ಇಪ್ಪತ್ತೈದು ತಲೆ ಈ ಕಡೆಗೇ ತಿರುಗಿದ್ದವು. ನನ್ನ ಹೆಂಡತಿ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. "ಆಯ್ತು ಮೇಡಂ. ಅವರವರದ್ದು ಅವರವರಿಗೆ ಕೊಟ್ಟು ನಾನು ಹೋಗ್ತೀನಿ" ಎಂದಳು. ಪೆಟ್ಟಿಗೆ ಎತ್ತಿಕೊಂಡು ಆಚೆ ಹೋಗಿ, ಮೇಜಿನಿಂದ ಮೇಜಿಗೆ ನಡೆದು, ಒಬ್ಬೊಬ್ಬರ ಕೈಗೂ ಲಕೋಟೆ ಕೊಡತೊಡಗಿದಳು. ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಕೊಡುತ್ತಿದ್ದಾಗ ಇದ್ದ ಮುಖವೇ ಇತ್ತು, ಅಳುವಿಲ್ಲ, ದೂರಿಲ್ಲ. ಪ್ಯಾಕಿಂಗ್ ಹೆಂಗಸು ಮಾತ್ರ ಲಕೋಟೆ ತೆಗೆದುಕೊಳ್ಳದೆ ಅವಳ ಕೈಯನ್ನೇ ಹಿಡಿದುಕೊಂಡಳು.

ಮೌನಿ ತನ್ನ ಲಕೋಟೆ ತೆಗೆದುಕೊಂಡು ಎದ್ದ. ನೇರ ಒಳಗೆ ಬಂದು ವಕೀಲೆಯ ಮೇಜಿನ ಮುಂದೆ ನಿಂತ. ಅವರು ಕೈ ಚಾಚಿದರು. ಅವನು ಕೊಡಲಿಲ್ಲ. ತಾನೇ ಹರಿದು, ಕಾಗದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದ.

ನನ್ನ ಹೆಂಡತಿ ಆಚೆಯಿಂದ ಓಡಿ ಬಂದಳು. "ಬೇಡಪ್ಪಾ. ಓದ್ಬೇಡ. ಬೇಕಿದ್ರೆ ಕಾಗದ ಅವರ ಕೈಗೆ ಕೊಡು, ಅವರೇ ಓದ್ಕೊಳ್ಳಲಿ."

ಅವನು ತಲೆ ಅಲ್ಲಾಡಿಸಿ ಓದತೊಡಗಿದ.

ಓದಿದ ಎನ್ನುವುದೂ ತಪ್ಪು. ಒಂದೊಂದು ಅಕ್ಷರವನ್ನೂ ಹುಡುಕಿ ಹೆಕ್ಕಿದ. "ಅ... ಅಕ್ಕ... ಅವರಿಗೆ. ನಂ... ನಂಗೆ ಓ... ಓದೋಕೆ ಬ... ಬರಲ್ಲ." ಬೆವರು ಹರಿಯುತ್ತಿತ್ತು. ಒಂದು ಸಾಲು ತಪ್ಪಿ ಮತ್ತೆ ಅದೇ ಸಾಲಿಗೆ ಬಂದ. ಗಾಜಿನ ಆಚೆ ಕೆಲಸ ಪೂರ್ತಿ ನಿಂತಿತ್ತು. ಅವನು ಅಷ್ಟು ಹೊತ್ತು ನಿಂತು ಓದಿದ್ದನ್ನು ಒಟ್ಟು ಮಾಡಿ ಹೇಳಿದರೆ ಇಷ್ಟು:

'ಅಕ್ಕ ಅವರಿಗೆ. ನಂಗೆ ಓದೋಕೆ ಬರಲ್ಲ. ಕಣ್ಣು ಸರಿಯಿದೆ, ಅಕ್ಷರ ಮಾತ್ರ ಜಾಗ ಬದಲಾಯಿಸುತ್ತೆ. ಇಷ್ಟು ಬರೆಯೋಕೇ ಬೆಳಿಗ್ಗೆಯಿಂದ ಸಂಜೆ ಆಯ್ತು. ಶಾಲೇಲಿ ಎದ್ದು ನಿಲ್ಲಿಸಿ ಓದಿಸಿದ್ರು. ಎಲ್ರೂ ನಕ್ಕರು. ಅವತ್ತೇ ಶಾಲೆ ಬಿಟ್ಟೆ. ಇಲ್ಲೂ ಯಾರಾದ್ರೂ ಎಲ್ಲರ ಮುಂದೆ ನನ್ನ ಕೈಲಿ ಓದಿಸಿದ್ರೆ ಅವತ್ತೇ ಕೆಲಸ ಬಿಡ್ತೀನಿ.'

ಯಾರೂ ನಗಲಿಲ್ಲ. ಸೋಮವಾರದ ಸಭೆಯಲ್ಲಿ ವಾರದ ಕೆಲಸದ ಪಟ್ಟಿಯನ್ನು ಸರದಿಯ ಮೇಲೆ ಎಲ್ಲರೂ ಓದಬೇಕೆಂದು ರೈಲು ಒಮ್ಮೆ ಹಟ ಹಿಡಿದಿದ್ದ. ನಾನೇ ಓದುತ್ತೇನೆ ಎಂದು ಇವಳು ಅವನ ಜೊತೆ ಒಂದು ವಾರ ಮಾತು ಬಿಟ್ಟು ಗೆದ್ದಿದ್ದಳು. ಅವಳಿಗೆ ತನ್ನ ದನಿ ಕೇಳುವ ಖಯಾಲಿ ಎಂದು ನಾನು ಛೇಡಿಸಿದ್ದೆ. ನಾಲ್ಕು ವರ್ಷ ಆ ಛೇಡನೆಯನ್ನು ನುಂಗಿಕೊಂಡಿದ್ದಳೇ ಹೊರತು ಗಂಡನಿಗೂ ಕಾರಣ ಹೇಳಿರಲಿಲ್ಲ. ನನ್ನ ಸಿಟ್ಟು ಆ ಹೊತ್ತಿಗೆ ಎಲ್ಲಿ ಹೋಯಿತೋ ತಿಳಿಯದು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

ವಕೀಲೆ ಮೆಲ್ಲಗೆ ಕೇಳಿದರು: "ಹಾಗಾದ್ರೆ ಇವತ್ತು ನೀವು ಕೆಲಸ ಬಿಡಬೇಕಲ್ವಾ?"

ಮೌನಿ ತೋಳಿನಿಂದ ಮುಖ ಒರೆಸಿಕೊಂಡ. "ಯಾರೂ ಓದಿಸಲಿಲ್ಲ ಮೇಡಂ. ನಾನೇ ಓದಿದ್ದು" ಎಂದ.

ಕಾಗದವನ್ನು ಮೊದಲಿನ ಹಾಗೇ ಮಡಚಿ ನನ್ನ ಹೆಂಡತಿಯ ಕೈಗೆ ಕೊಟ್ಟ. "ಒಳಗಿಡಿ ಅಕ್ಕಾ. ಕಾರಣ ಇನ್ನೂ ದೂರ ಇದೆ." ತಿರುಗಿ ತನ್ನ ಮೇಜಿಗೆ ಹೋಗಿ ಕೂತ. ಅವನ ಹಿಂದೆಯೇ ಒಬ್ಬೊಬ್ಬರಾಗಿ ಎದ್ದು ಬಂದು, ಒಂದು ಮಾತೂ ಆಡದೆ, ಲಕೋಟೆಗಳನ್ನು ಪೆಟ್ಟಿಗೆಯ ಖಾನೆಗಳಿಗೆ ವಾಪಸ್ ಹಾಕಿ ಹೋದರು. ಪ್ಯಾಕಿಂಗ್ ಹೆಂಗಸು ಮಾತ್ರ ಒಂದು ಮಾತಾಡಿದಳು, ಅದನ್ನು ವಕೀಲೆಯ ಮುಂದೆ ಆಡಬಾರದಿತ್ತು, ಇಲ್ಲಿ ಬರೆಯಲೂ ಬಾರದು.

ವಕೀಲೆ ಕನ್ನಡಕ ಹಾಕಿಕೊಂಡು, ಆಗಲೇ ಬರೆದುಕೊಂಡಿದ್ದ ಆ ಎರಡು ಷರತ್ತನ್ನೂ ಹೊಡೆದುಹಾಕಿದರು. ಪತ್ರಗಳ ಮೇಲ್ಗಡೆ 'ಇದು ಬರೆದವರ ಸ್ವತ್ತು, ಕಂಪನಿ ಬಳಸುವಂತಿಲ್ಲ' ಎಂದು ಸೇರಿಸಬೇಕು ಎಂದರು. ಸೇರಿಸ್ತೀನಿ ಎಂದಳು ಇವಳು. ಸಹಿ ಹಾಕಿದರು. ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಹೆಂಡತಿಯನ್ನು ಇನ್ನೊಮ್ಮೆ ನೋಡಿ, ರೈಲಿಗೆ ಹೇಳಿದರು: "ಇವರನ್ನ ಹುಷಾರಾಗಿ ಉಳಿಸ್ಕೊಳ್ಳಿ."

ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಹಣೆಯ ಮೇಲೆ ಬುಗುಟು, ಕೈಯಲ್ಲಿ ತಿರುಪುಳಿ, ಅಂಗಿಯೆಲ್ಲ ಮರದ ಹೊಟ್ಟು. ಆದರೂ ಮುಂದೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟೆ.

"ಅವಳು ನನ್ನ ಹೆಂಡ್ತಿ ಮೇಡಂ."